ಮೂಗಿನ ಆಪರೇಷನ್ ಮಾಡಿಸ್ಕೋಬೇಕಾ ಬೇಡ್ವಾ? ದುಡ್ಡು ಕಟ್ಟೋಕೆ ಮುಂಚೆ ಒಂದೊಂದಾಗಿ ನೋಡ್ಕೊಳ್ಳಿ

ಮೂಗಿನ ಶೇಪ್ ಸರಿಮಾಡ್ಸೋ ಆಪರೇಷನ್, ಡಾಕ್ಟರ್‌ಗಳು ರೈನೋಪ್ಲಾಸ್ಟಿ ಅಂತಾರೆ, ಇದನ್ನ ಮಾಡಿಸ್ಕೋಬೇಕು ಅಂತ ನಾನು ಏಳೆಂಟು ವರ್ಷ ತಲೇಲಿಟ್ಕೊಂಡು ಓಡಾಡಿದೀನಿ, ಮೂರು ಡಾಕ್ಟರ್ ಹತ್ರ ಹೋಗ್ಬಂದಿದೀನಿ, ಒಂದ್ ಕಡೆ ಇಪ್ಪತ್ತು ಸಾವಿರ ಅಡ್ವಾನ್ಸ್ ಕಟ್ಟಿ ಅದು ವಾಪಸ್ ಬರ್ದೇ ಹೋಯ್ತು. ಕೊನೆಗೆ ಉಸಿರಾಟಕ್ಕೆ ತೊಂದ್ರೆ ಕೊಡ್ತಿದ್ದ ಒಳಗಿನ ಮೂಳೆ ಮಾತ್ರ ಸರಿಮಾಡಿಸ್ಕೊಂಡೆ, ಹೊರಗಿನ ಶೇಪ್ ಮುಟ್ಟಿಸ್ಲಿಲ್ಲ. ನನ್ನ ಚಿಕ್ಕಮ್ಮನ ಮಗಳು ಪೂರ್ತಿ ಮಾಡಿಸ್ಕೊಂಡ್ಲು, ಮೂರು ವರ್ಷ ಆಯ್ತು, ಖುಷಿಯಾಗಿದಾಳೆ. ಇಬ್ರೂ ಸರಿಯಾಗೇ ನಿರ್ಧಾರ ಮಾಡಿದ್ವಿ ಅಂತ ನನ್ನ ನಂಬಿಕೆ, ಯಾಕಂದ್ರೆ ಇಬ್ರೂ ಕೊನೆಗೆ ಒಂದೇ ಪ್ರಶ್ನೆಗೆ ಉತ್ರ ಹುಡುಕಿದ್ವಿ, ಉತ್ರ ಬೇರೆ ಬೇರೆ ಬಂತು ಅಷ್ಟೇ. ಆ ಪ್ರಶ್ನೆಯಿಂದಾನೇ ಶುರು ಮಾಡ್ತೀನಿ.

1. ಇದು ಯಾವಾಗಿಂದ ಶುರುವಾಯ್ತು, ಯಾರ ಮಾತಿಂದ?

ಒಂದು ಹಾಳೆ ತಗೊಂಡು ಬರೀರಿ. ನಿಮ್ಮ ಮೂಗು ನಿಮಗೆ ಸರಿಯಿಲ್ಲ ಅಂತ ಅನ್ಸಿದ ಮೊದಲನೇ ದಿನ ಯಾವ್ದು, ಅವತ್ತು ಅಲ್ಲಿ ಯಾರಿದ್ರು.

ನನಗೆ ಇಪ್ಪತ್ಮೂರು ವರ್ಷ ಆಗೋವರೆಗೂ ಮೂಗಿನ ಬಗ್ಗೆ ಯೋಚ್ನೇನೇ ಇರ್ಲಿಲ್ಲ. ಹುಡುಗನ ಕಡೆಯವ್ರು ನೋಡೋಕೆ ಬಂದಿದ್ರು, ಕೇಸರಿಬಾತ್ ತಟ್ಟೆ ಕೊಟ್ಟು ಒಳಗೆ ಬಂದೆ, ಅಡುಗೆ ಮನೆ ಬಾಗ್ಲಲ್ಲೇ ನಿಂತಿದ್ದೆ, ಹುಡುಗನ ಅತ್ತೆ ಒಬ್ರು ಮೆಲ್ಲಗೆ ಅಂದ್ರು, "ಹುಡುಗಿ ಲಕ್ಷಣವಾಗಿದಾಳೆ, ಮೂಗೊಂದು ಸ್ವಲ್ಪ ದಪ್ಪ ಆಯ್ತು." ಅಷ್ಟೇ ಮಾತು. ಆ ಸಂಬಂಧ ಬೇರೆ ಕಾರಣಕ್ಕೆ ಮುರಿದು ಹೋಯ್ತು, ಆದ್ರೆ ಆ ಮಾತು ಏಳೆಂಟು ವರ್ಷ ನನ್ ಜೊತೆ ಉಳೀತು. ಹಾಳೆ ಮೇಲೆ ಬರೆದಾಗ್ಲೇ ಗೊತ್ತಾಗಿದ್ದು, ನನಗೆ ನೋವಾಗಿದ್ದು ಮೂಗಿಂದಲ್ಲ, ಅವತ್ತು ತಟ್ಟೆ ಹಿಡ್ಕೊಂಡು ನಿಂತಿದ್ದಕ್ಕೆ ಅಂತ.

ನನ್ನ ತಂಗಿದು, ಅದೇ ಚಿಕ್ಕಮ್ಮನ ಮಗಳದು, ಬೇರೆ ಥರ. ಅವಳು ಹೈಸ್ಕೂಲಲ್ಲಿ ಥ್ರೋಬಾಲ್ ಆಡ್ತಾ ಮೂಗಿಗೆ ಪೆಟ್ಟು ಬಿದ್ದು ಮೂಳೆ ಒಂದ್ ಕಡೆ ವಾಲಿತ್ತು, ಮಧ್ಯದಲ್ಲಿ ಗಂಟು ಥರ ಉಬ್ಬಿತ್ತು. ಯಾರೂ ಏನೂ ಅಂದಿರ್ಲಿಲ್ಲ, ಅವಳಿಗೇ ಅದು ತನ್ನ ಮೊದಲಿನ ಮುಖ ಅಲ್ಲ ಅನ್ಸ್ತಿತ್ತು. ಹತ್ತು ವರ್ಷ ಆದ್ರೂ ಅದೇ ಒಂದು ಗಂಟಿನ ಬಗ್ಗೆ ಅದೇ ಒಂದು ಮಾತು ಹೇಳ್ತಿದ್ಲು.

ನೀವು ಬರೆದಿದ್ರಲ್ಲಿ ಯಾರದ್ದೋ ಮಾತು, ಬ್ರೇಕಪ್ಪು, ಮ್ಯಾಟ್ರಿಮೋನಿ ರಿಜೆಕ್ಷನ್ನು, ಗಂಡ ಆಡ್ಕೊಂಡಿದ್ದು, ಇಂಥದ್ದು ಬಂದ್ರೆ ಆಸೆ ತಪ್ಪು ಅಂತಲ್ಲ, ಆದ್ರೆ ಒಂದು ವರ್ಷ ಮುಂದಕ್ಕೆ ಹಾಕಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬರುತ್ತಾ ಅಂತ ನಮ್ಮಜ್ಜಿ ಅಂತಿದ್ರು, ಇಲ್ಲಿ ಅದು ಅಕ್ಷರಶಃ ನಿಜ.

2. ಬೇಡದೇ ಇರೋದು ಏನು ಅಂತ ಒಂದೇ ವಾಕ್ಯದಲ್ಲಿ ಹೇಳಿ

"ನನ್ನ ಮೂಗು ಚೆನ್ನಾಗಿಲ್ಲ" ಅಂದ್ರೆ ಯಾವ ಡಾಕ್ಟರ್‌ಗೂ ಏನೂ ಮಾಡೋಕಾಗಲ್ಲ. "ಸೈಡಿಂದ ನೋಡಿದ್ರೆ ಮಧ್ಯದಲ್ಲಿ ಉಬ್ಬು ಇದೆ", "ತುದಿ ನಗುವಾಗ ಕೆಳಗೆ ಬಗ್ಗುತ್ತೆ", "ಹೊಳ್ಳೆ ಅಗಲ ಇದೆ", "ಎಡಕ್ಕೆ ವಾಲಿದೆ", ಹಿಂಗೆ ಹೇಳೋಕೆ ಬರ್ಬೇಕು. ವಾರ ವಾರ ಆ ವಾಕ್ಯ ಬದಲಾಗ್ತಾ ಇದ್ರೆ ಇನ್ನೂ ಟೈಮ್ ಬೇಕು ಅಂತರ್ಥ.

ಮತ್ತೆ ದಯವಿಟ್ಟು ಸೆಲ್ಫಿ ನೋಡಿ ನಿರ್ಧಾರ ಮಾಡ್ಬೇಡಿ. ಮೊಬೈಲ್ ಮುಖಕ್ಕೆ ಹತ್ರ ಹಿಡಿದಾಗ ಲೆನ್ಸಿಗೆ ಹತ್ರ ಇರೋದು ದೊಡ್ಡದಾಗಿ ಕಾಣುತ್ತೆ, ಮುಖದಲ್ಲಿ ಎಲ್ಲಕ್ಕಿಂತ ಮುಂದಿರೋದು ಮೂಗು. 2018ರಲ್ಲಿ ಅಮೆರಿಕದ ಡಾಕ್ಟರ್‌ಗಳು ಇದನ್ನ ಲೆಕ್ಕ ಹಾಕಿ ಪ್ರಕಟ ಮಾಡಿದ್ರು, 5 ಅಡಿ ದೂರದಿಂದ ತೆಗೆದ ಫೋಟೋಗೆ ಹೋಲಿಸಿದ್ರೆ 12 ಇಂಚು ದೂರದ ಸೆಲ್ಫಿಲಿ ಮೂಗಿನ ಬುಡ ಸುಮಾರು ಶೇ. 30ರಷ್ಟು ಅಗಲ ಕಾಣುತ್ತೆ ಅಂತ. ನಾವು ದಿನಾ ನೋಡಿ ಬೇಜಾರ್ ಮಾಡ್ಕೊಳ್ಳೋದು ಆ ಸುಳ್ಳು ಮೂಗನ್ನ.

ಹಿಂಗ್ ಮಾಡಿ: ಬೆಳಿಗ್ಗೆ ಕಿಟಕಿ ಬೆಳಕಲ್ಲಿ ನಿಂತ್ಕೊಳ್ಳಿ, ಬೇರೆಯವ್ರ ಕೈಲಿ ಹಿಂದಿನ ಕ್ಯಾಮೆರಾದಲ್ಲಿ, ಐದಾರು ಅಡಿ ದೂರದಿಂದ, 2x ಝೂಮ್ ಹಾಕಿ ಫೋಟೋ ತೆಗೆಸಿ, ಫಿಲ್ಟರ್ ಬ್ಯೂಟಿ ಮೋಡ್ ಎಲ್ಲ ಆಫ್. ಎದುರಿಂದ, ಎರಡೂ ಸೈಡಿಂದ, ಅರ್ಧ ತಿರುಗಿ, ತಲೆ ಮೇಲೆತ್ತಿ ಹೊಳ್ಳೆ ಕಾಣೋ ಹಾಗೆ, ಆಮೇಲೆ ನಗ್ತಾ ಇರೋದೊಂದು. ಎರಡು ವಾರ ಬಿಟ್ಟು ನೋಡಿ. ಆಗ್ಲೂ ಅದೇ ವಾಕ್ಯ ಬಾಯಿಗೆ ಬಂದ್ರೆ ಮುಂದಕ್ಕೆ ಹೋಗ್ಬಹುದು.

3. ಉಸಿರಾಟ ಚೆಕ್ ಮಾಡ್ಕೊಳ್ಳಿ

ಇದನ್ನ ಜಾಸ್ತಿ ಜನ ಬಿಟ್ಟೇಬಿಡ್ತಾರೆ. ಕನ್ನಡಿ ಮುಂದೆ ನಿಂತು ಒಂದು ಹೊಳ್ಳೆನ ಬೆರಳಿಂದ ಮುಚ್ಚಿ ಇನ್ನೊಂದರಲ್ಲಿ ಉಸಿರೆಳ್ಕೊಳ್ಳಿ, ಆಮೇಲೆ ಆ ಕಡೆ. ಒಂದ್ ಕಡೆ ಯಾವಾಗ್ಲೂ ಬ್ಲಾಕ್ ಅನ್ಸುತ್ತಾ? ಈಗ ಮೂಗಿನ ಪಕ್ಕದ ಕೆನ್ನೆನ ಎರಡು ಬೆರಳಿಂದ ಮೆಲ್ಲಗೆ ಹೊರಗಡೆ ಎಳೆದು ಮತ್ತೆ ಉಸಿರಾಡಿ, ತಕ್ಷಣ ಸಲೀಸಾಯ್ತು ಅಂದ್ರೆ ಮೂಗಿನ ಒಳದಾರಿ ಕಿರಿದಾಗಿರಬಹುದು. ಇದು ಮನೇಲಿ ಮಾಡೋ ಅಂದಾಜು ಅಷ್ಟೇ, ರಾತ್ರಿ ಬಾಯಿ ತೆಗೆದು ಮಲಗೋದು, ಬೆಳಿಗ್ಗೆ ಗಂಟಲು ಒಣಗೋದು, ಪದೇಪದೇ ಸೈನಸ್, ಇಂಥದ್ದಿದ್ರೆ ಮೊದಲು ಒಬ್ರು ಇಎನ್‌ಟಿ ಡಾಕ್ಟರ್‌ಗೆ ತೋರಿಸಿ. ಮೂಗಿನ ನಡುಗೋಡೆ ವಾಲಿರೋದಕ್ಕೆ ಡಿಎನ್‌ಎಸ್ ಅಂತ ಬರೀತಾರೆ, ಅದನ್ನ ಸರಿಮಾಡೋದು ಸೆಪ್ಟೋಪ್ಲಾಸ್ಟಿ, ಹೊರಗಿನ ಶೇಪಿಗೂ ಅದಕ್ಕೂ ಸಂಬಂಧ ಇಲ್ಲ.

ಇದು ಯಾಕೆ ಮುಖ್ಯ ಅಂದ್ರೆ, ಒಂದು: ಒಳಗೆ ಕಿರಿದಾಗಿರೋ ಮೂಗನ್ನ ಹೊರಗಡೆಯಿಂದ ಇನ್ನೂ ಸಣ್ಣ ಮಾಡಿಸಿದ್ರೆ ನೋಡೋಕೆ ಚೆನ್ನಾಗಿ ಕಂಡು ಉಸಿರಾಡೋಕೆ ಕಷ್ಟ ಆಗಬಹುದು. ಎರಡು: ನಡುಗೋಡೆಯ ಕಾರ್ಟಿಲೇಜ್ ಅನ್ನೋ ಎಳೆಮೂಳೇನೇ ಮುಂದೆ ಶೇಪ್ ಮಾಡೋಕೆ ಬಳಸೋದು, ಒಂದ್ಸಲ ಅದನ್ನ ತೆಗೆದು ಬಿಸಾಕಿದ್ರೆ ಮುಂದಿನ ಸಲ ಕಿವಿಯಿಂದನೋ ಪಕ್ಕೆಲುಬಿಂದನೋ ತೆಗೀಬೇಕಾಗುತ್ತೆ. ಹಾಗಾಗಿ ಎರಡೂ ಬೇಕಿದ್ರೆ ಮೊದಲೇ ಹೇಳಿ, ಒಟ್ಟಿಗೇ ಮಾಡೋಕಾಗುತ್ತಾ ಕೇಳಿ. ನನಗೆ ಒಳಗಿಂದು ಸರಿಹೋದ್ಮೇಲೆ ನಿದ್ದೆ ಎಷ್ಟು ಚೆನ್ನಾಗಿ ಬಂತು ಅಂದ್ರೆ ಹೊರಗಿನ ಆಸೆ ತಾನಾಗೇ ಇಳೀತು.

4. ಆಪರೇಷನ್ನಲ್ಲಿ ಏನ್ ಆಗುತ್ತೆ, ಏನ್ ಆಗಲ್ಲ

ಮೂಗನ್ನ ಎಲ್ಲರ ಮುಖದಿಂದ ಕಿತ್ತು ಒಂದೇ ಅಚ್ಚಲ್ಲಿ ಹಾಕೋಕಾಗಲ್ಲ. ಒಳಗಿನ ಮೂಳೆ, ಕಾರ್ಟಿಲೇಜ್ ಕೆತ್ತಬಹುದು, ಕೂಡಿಸಬಹುದು, ಮೇಲಿನ ಚರ್ಮ ಮಾತ್ರ ನಿಮ್ಮದೇ. ನಮ್ಮ ಕಡೆ ತುಂಬಾ ಜನಕ್ಕೆ ತುದಿ ಚರ್ಮ ದಪ್ಪ, ದಪ್ಪ ಚರ್ಮದ ಕೆಳಗೆ ಎಷ್ಟು ನಾಜೂಕಾಗಿ ಕೆತ್ತಿದ್ರೂ ಹೊರಗಡೆ ಅಷ್ಟು ಕಾಣಲ್ಲ, ಊತ ಇಳಿಯೋದೂ ನಿಧಾನ. ಹೀರೋಯಿನ್ ಫೋಟೋ ತೋರಿಸಿ ಇದೇ ಥರ ಸಂಪಿಗೆ ಮೂಗು ಮಾಡ್ಕೊಡಿ ಅಂದಾಗ "ಆಯ್ತು ಮಾಡ್ತೀನಿ" ಅಂತ ತಕ್ಷಣ ಒಪ್ಕೊಳ್ಳೋ ಡಾಕ್ಟರ್‌ಗಿಂತ "ನಿಮ್ಮ ಚರ್ಮಕ್ಕೆ ಇಷ್ಟೇ ಆಗೋದು" ಅನ್ನೋರನ್ನ ನಂಬಿ. ಕಂಪ್ಯೂಟರಲ್ಲಿ ಮಾರ್ಫ್ ಮಾಡಿ ತೋರಿಸ್ತಾರಲ್ಲ, ಅದು ಮಾತಾಡೋಕೆ ಅನುಕೂಲ ಅಷ್ಟೇ, ಗ್ಯಾರಂಟಿ ಕಾರ್ಡ್ ಅಲ್ಲ.

ಮಾಡೋ ರೀತಿ ಎರಡು. ಕ್ಲೋಸ್ಡ್ ಅಂದ್ರೆ ಹೊಳ್ಳೆ ಒಳಗಿಂದಾನೇ ಕೊಯ್ಯೋದು, ಓಪನ್ ಅಂದ್ರೆ ಎರಡು ಹೊಳ್ಳೆ ಮಧ್ಯದ ಚರ್ಮದಲ್ಲಿ ಸಣ್ಣ ಗೀಟು ಕೊಯ್ದು ಮೇಲಕ್ಕೆತ್ತಿ ಮಾಡೋದು, ಆ ಗೆರೆ ಸಾಮಾನ್ಯವಾಗಿ ಮಾಸಿ ಹೋಗುತ್ತೆ. ಪೂರ್ತಿ ಅನಸ್ತೇಶಿಯಾದಲ್ಲೇ ಹೆಚ್ಚಾಗಿ ಮಾಡ್ತಾರೆ. ಹುಡುಗೀರಿಗೆ 15-16, ಹುಡುಗರಿಗೆ 17-18 ಆಗೋವರೆಗೆ ಮುಖದ ಮೂಳೆ ಬೆಳೀತಾ ಇರುತ್ತೆ, ಅದಕ್ಕೆ ಮುಂಚೆ ಬರೀ ಚೆಂದಕ್ಕೆ ಅಂತ ಮಾಡಿಸೋದು ಬೇಡ.

ಮೂಗು ಕಟ್ಟೋ ವಿದ್ಯೆ ನಮ್ಮ ದೇಶದ್ದೇ ಅಂತ ಓದಿ ನನಗೆ ತುಂಬಾ ಹೆಮ್ಮೆಯಾಗಿತ್ತು. ಸುಶ್ರುತ ಸಂಹಿತೆಲಿ ಕೆನ್ನೆ ಚರ್ಮದಿಂದ ಮೂಗು ಮಾಡೋ ಕ್ರಮ ಇದೆ. ಟಿಪ್ಪು ಜೊತೆ ಇಂಗ್ಲಿಷರ ಯುದ್ಧ ಆದಾಗ ಇಂಗ್ಲಿಷರ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೀತಿದ್ದ ಕಾವಸ್ಜಿ ಅನ್ನೋ ಮರಾಠ 1792ರಲ್ಲಿ ಸೆರೆ ಸಿಕ್ಕಿ ಮೂಗು ಕಳ್ಕೊಂಡಿದ್ದ, ಅವನಿಗೆ ಪುಣೆ ಹತ್ರ ಇಟ್ಟಿಗೆ ಮಾಡೋ ಕುಲದವರೊಬ್ರು ಹಣೆ ಚರ್ಮ ಇಳಿಸಿ ಮೂಗು ಕಟ್ಟಿಕೊಟ್ರು. 1794ರಲ್ಲಿ ಲಂಡನ್ನಿನ ಪತ್ರಿಕೇಲಿ ಅದು ಅಚ್ಚಾಗಿ, ಅದನ್ನ ಓದಿ ಅಲ್ಲಿನ ಡಾಕ್ಟರ್ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅದೇ ಥರ ಆಪರೇಷನ್ ಮಾಡಿದ್ರು. ಆದ್ರೆ ಕಳೆದುಹೋದ ಮೂಗು ಕಟ್ಟೋದು ಬೇರೆ, ಇರೋ ಮೂಗು ತಿದ್ದೋದು ಬೇರೆ. ಮುಂದೆ ಇನ್ಶೂರೆನ್ಸ್ ವಿಷ್ಯದಲ್ಲೂ ಇದೇ ವ್ಯತ್ಯಾಸ ಬರುತ್ತೆ ನೋಡಿ.

ಇನ್ನು ಫಿಲ್ಲರ್. ಹದಿನೈದು ನಿಮಿಷದಲ್ಲಿ ಇಂಜೆಕ್ಷನ್ ಕೊಟ್ಟು ಮೂಗು ನೆಟ್ಟಗೆ ಮಾಡ್ತೀವಿ ಅಂತಾರೆ. ಅದು ತುಂಬೋ ಕೆಲ್ಸ, ದಪ್ಪ ಮೂಗನ್ನ ಸಣ್ಣ ಮಾಡಲ್ಲ, ಕೆಲವು ತಿಂಗಳಿಗೆ ಕರಗುತ್ತೆ. ಮೂಗಿನ ರಕ್ತನಾಳಕ್ಕೆ ಕಣ್ಣಿನ ರಕ್ತನಾಳದ ಜೊತೆ ಸಂಬಂಧ ಇದೆ, ಅಪರೂಪಕ್ಕೆ ಫಿಲ್ಲರ್ ನಾಳದೊಳಗೆ ಹೋಗಿ ಚರ್ಮ ಸತ್ತುಹೋಗಿರೋದು, ಕಣ್ಣೇ ಹೋಗಿರೋದು ಉಂಟು. ಪಾರ್ಲರಲ್ಲಂತೂ ಬೇಡವೇ ಬೇಡ.

5. ಮನಸ್ಸಿನ ಕಡೆ ಒಂದ್ಸಲ ನೋಡಿ

ದಿನಕ್ಕೆ ಎಷ್ಟು ಹೊತ್ತು ಮೂಗಿನ ಬಗ್ಗೆ ಯೋಚ್ನೆ ಬರುತ್ತೆ? ಕನ್ನಡಿ, ಗಾಡಿ ಮಿರರ್, ಅಂಗಡಿ ಗಾಜು ಕಂಡಲ್ಲೆಲ್ಲ ನೋಡ್ಕೊಳ್ತೀರಾ, ಅಥವಾ ಕನ್ನಡೀನೇ ಬೇಡ ಅಂತ ಬಿಟ್ಟಿದೀರಾ? ಮದುವೆ ಮನೆಗೆ, ಕಾಲೇಜಿಗೆ ಹೋಗೋದನ್ನ ತಪ್ಪಿಸ್ತಿದೀರಾ? ಬೇರೆ ಯಾರಿಗೂ ಅದು ಕಾಣಿಸ್ತಾನೇ ಇಲ್ವಾ? ಹೌದು ಹೌದು ಅಂತ ಬಂದ್ರೆ ಅದು ಬಾಡಿ ಡಿಸ್‌ಮಾರ್ಫಿಕ್ ಡಿಸಾರ್ಡರ್ ಅನ್ನೋ ಕಾಯಿಲೆ ಇರಬಹುದು. ಇದು ಹುಚ್ಚೂ ಅಲ್ಲ ಶೋಕೀನೂ ಅಲ್ಲ, ನಿಜವಾದ ಸಂಕಟ, ಔಷಧಿ ಕೌನ್ಸೆಲಿಂಗ್ ಎರಡೂ ಇದೆ. ಇದು ಇರೋರಿಗೆ ಆಪರೇಷನ್ನಿಂದ ಸಮಾಧಾನ ಸಿಗೋದು ತುಂಬಾ ಕಡಿಮೆ, ಒಂದಾದ್ಮೇಲೆ ಒಂದು ಮಾಡಿಸ್ತಾನೇ ಹೋಗ್ತಾರೆ. ಮೊದಲು ಮಾತಾಡಿ: ಸರ್ಕಾರದ ಟೆಲಿ ಮಾನಸ್ 14416 ಫ್ರೀ ನಂಬರು, ಕನ್ನಡದಲ್ಲೇ ಮಾತಾಡಬಹುದು, ಬೆಂಗಳೂರಲ್ಲಿರೋರಿಗೆ ನಿಮ್ಹಾನ್ಸ್ ಇದ್ದೇ ಇದೆ.

6. ಡಾಕ್ಟರ್ ಹುಡುಕೋದು

"ಕಾಸ್ಮೆಟಿಕ್ ಸರ್ಜನ್" ಅಂತ ಬೋರ್ಡಲ್ಲಿ ಬರೆದಿರೋದಕ್ಕಿಂತ ಹೆಸರಿನ ಮುಂದಿನ ಡಿಗ್ರಿ ಓದಿ. ಪ್ಲಾಸ್ಟಿಕ್ ಸರ್ಜರೀಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಆಗಿರ್ಬೇಕು, ಇಲ್ಲ ಅಂದ್ರೆ ಇಎನ್‌ಟಿ ಎಂ.ಎಸ್. ಮಾಡಿ ಮುಖದ ಪ್ಲಾಸ್ಟಿಕ್ ಸರ್ಜರೀಲಿ ಬೇರೆ ಟ್ರೈನಿಂಗ್ ತಗೊಂಡು ಮೂಗಿನ ಕೆಲ್ಸಾನೇ ಜಾಸ್ತಿ ಮಾಡೋರಾಗಿರ್ಬೇಕು. ರಿಜಿಸ್ಟ್ರೇಷನ್ ನಂಬರ್ ಕೇಳಿ ಇಸ್ಕೊಂಡು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲೋ ನ್ಯಾಷನಲ್ ಮೆಡಿಕಲ್ ಕಮಿಷನ್ನಿನ ರಿಜಿಸ್ಟರಲ್ಲೋ ಚೆಕ್ ಮಾಡಿ. ಕ್ಲಿನಿಕ್ಕಿಗೆ ಕೆಪಿಎಂಇ ಸರ್ಟಿಫಿಕೇಟ್, ಅಂದ್ರೆ ಖಾಸಗಿ ಆಸ್ಪತ್ರೆಗಳಿಗೆ ಸರ್ಕಾರ ಕೊಡೋ ನೋಂದಣಿ ಪತ್ರ, ಇದೆಯಾ ಗೋಡೆ ಮೇಲೆ ನೋಡಿ.

2022ರ ಮೇ ತಿಂಗಳಲ್ಲಿ ಬೆಂಗಳೂರಲ್ಲಿ ಕೊಬ್ಬು ತೆಗೆಸೋ ಆಪರೇಷನ್ನಿಗೆ ಹೋದ ಕಿರುತೆರೆಯ ಚಿಕ್ಕ ವಯಸ್ಸಿನ ನಟಿಯೊಬ್ರು ತೀರಿಕೊಂಡ್ರು, ಅಪ್ಪ ಅಮ್ಮಂಗೆ ಹೇಳದೇ ಹೋಗಿದ್ರು ಅಂತ ಆಗ ಸುದ್ದಿಯಾಗಿತ್ತು. ಆ ಹುಡುಗಿ ಮುಖ ನನಗೆ ಇವತ್ತಿಗೂ ಕಣ್ಮುಂದೆ ಬರುತ್ತೆ. ಮೂಗಿನದ್ದು ಅದಕ್ಕಿಂತ ಬೇರೆ ಆಪರೇಷನ್, ಆದ್ರೆ ಅನಸ್ತೇಶಿಯಾ ಅನಸ್ತೇಶಿಯಾನೇ. ಹಾಗಾಗಿ ಐಸಿಯು ಎಲ್ಲಿದೆ, ಅನಸ್ತೇಶಿಯಾ ಡಾಕ್ಟರ್ ಯಾರು, ಹೆಚ್ಚುಕಮ್ಮಿ ಆದ್ರೆ ಯಾವ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀರಾ, ಈ ಮೂರು ಕೇಳಲೇಬೇಕು, ಮತ್ತೆ ಮನೇಲಿ ಒಬ್ರಿಗಾದ್ರೂ ಹೇಳಿ ಹೋಗ್ಬೇಕು. ಬೈದ್ರೂ ಪರವಾಗಿಲ್ಲ.

ಕೇಳಬೇಕಾದ ಬೇರೆ ಮಾತು: ನನ್ನಂಥ ಚರ್ಮ, ನನ್ನಂಥ ಮೂಗಿನೋರ ಹಳೇ ಫೋಟೋ ಒಂದು ವರ್ಷ ಆದ್ಮೇಲಿಂದು ತೋರಿಸ್ತೀರಾ? ಆಪರೇಷನ್ ನೀವೇ ಮಾಡೋದಾ? ಎರಡನೇ ಸಲ ಮಾಡ್ಬೇಕಾಗಿ ಬಂದ್ರೆ ಯಾರ ಖರ್ಚು? ನೂರರಲ್ಲಿ ಐದರಿಂದ ಹದಿನೈದು ಜನಕ್ಕೆ ತಿದ್ದುಪಡಿ ಆಪರೇಷನ್ ಬೇಕಾಗುತ್ತೆ ಅಂತ ಡಾಕ್ಟರ್‌ಗಳೇ ಸಾಮಾನ್ಯವಾಗಿ ಹೇಳೋ ಲೆಕ್ಕ, "ನಮ್ಮಲ್ಲಿ ಒಂದೂ ಹಾಗಾಗಿಲ್ಲ" ಅಂದ್ರೆ ಎದ್ದು ಬನ್ನಿ.

ನಾನು ಅಡ್ವಾನ್ಸ್ ಕಳ್ಕೊಂಡ ಕಡೆ ಡಾಕ್ಟರ್ ಜೊತೆ ಮಾತಾಡಿದ್ದು ಆರೇಳು ನಿಮಿಷ, ಕೌನ್ಸೆಲರ್ ಅಂತ ಒಬ್ರು ಹುಡುಗಿ ಜೊತೆ ಮುಕ್ಕಾಲು ಗಂಟೆ. ಇವತ್ತೇ ಬುಕ್ ಮಾಡಿದ್ರೆ ಇಪ್ಪತ್ತು ಪರ್ಸೆಂಟ್ ಆಫ್ ಮೇಡಂ ಅಂತ ಮೂಗಿಗೆ ತುಪ್ಪ ಸವರಿದ್ರು, ನಾನು ಫೋನ್‌ಪೇ ಮಾಡಿಬಿಟ್ಟೆ. ರಸೀದಿ ಹಿಂದೆ ಸಣ್ಣ ಅಕ್ಷರದಲ್ಲಿ ವಾಪಸ್ ಇಲ್ಲ ಅಂತ ಇತ್ತು. ಮೊದಲ ಸಲ ಹೋದಾಗ ಪರ್ಸಿಂದ ಕನ್ಸಲ್ಟೇಷನ್ ಫೀ ಬಿಟ್ಟು ಒಂದು ರೂಪಾಯಿನೂ ತೆಗೀಬೇಡಿ.

7. ದುಡ್ಡು

ಬೆಂಗಳೂರಲ್ಲಿ ನಮಗೆ ಹೇಳಿದ ರೇಟುಗಳು ಒಂದು ಲಕ್ಷ ಚಿಲ್ಲರೆಯಿಂದ ಎರಡೂವರೆ ಲಕ್ಷದವರೆಗೆ ಇತ್ತು. ಹೇಳಿದ ರೇಟಲ್ಲಿ ಅನಸ್ತೇಶಿಯಾ, ರೂಮು, ಟೆಸ್ಟು, ಔಷಧಿ, ಜಿಎಸ್‌ಟಿ ಸೇರಿದೆಯಾ ಅಂತ ಬರಹದಲ್ಲಿ ತಗೊಳ್ಳಿ. ಚೆಂದಕ್ಕೆ ಮಾಡಿಸೋದನ್ನ ಹೆಲ್ತ್ ಇನ್ಶೂರೆನ್ಸ್ ಕೊಡಲ್ಲ, ಆಕ್ಸಿಡೆಂಟು, ಸುಟ್ಟಗಾಯ, ಕ್ಯಾನ್ಸರ್ ಆದ್ಮೇಲೆ ಕಟ್ಟಿಸೋದಾದ್ರೆ, ಇಲ್ಲಾ ಆರೋಗ್ಯಕ್ಕೆ ಬೇಕೇಬೇಕು ಅಂತ ಡಾಕ್ಟರ್ ಬರೆದ್ರೆ ಮಾತ್ರ ಅವಕಾಶ. ಡಿಎನ್‌ಎಸ್ ಆಪರೇಷನ್ ತುಂಬಾ ಪಾಲಿಸೀಲಿ ಎರಡು ವರ್ಷ ಕಾದ್ಮೇಲೆ ಸಿಗುತ್ತೆ, ನನಗೆ ಹಾಗೇ ಸಿಕ್ತು. ಆದ್ರೆ ಚೆಂದದ ಖರ್ಚನ್ನೂ ಅದರೊಳಗೆ ಸೇರಿಸಿ ಬರ್ಕೊಡ್ತೀವಿ ಅಂದ್ರೆ ಒಪ್ಕೋಬೇಡಿ, ಕ್ಲೇಮ್ ರಿಜೆಕ್ಟ್ ಆದ್ರೆ ಸಿಕ್ಕಿಹಾಕ್ಕೊಳ್ಳೋರು ನೀವು.

ಇಎಂಐ ಹಾಕ್ಕೊಂಡು ಮಾಡಿಸೋರಿಗೆ ನನ್ನದೊಂದೇ ಮಾತು, ಮೂಗಿಗಿಂತ ಮೂಗುತಿ ಭಾರ ಆಗಬಾರ್ದು. ತಿದ್ದುಪಡಿಗೆ ಅಂತ ಇನ್ನೂ ಅರ್ಧದಷ್ಟು ದುಡ್ಡು ಪಕ್ಕದಲ್ಲಿ ಇಡೋಕೆ ಆಗುತ್ತೆ ಅಂದ್ರೆ ಮಾತ್ರ ಮುಂದುವರೀರಿ.

8. ಟೈಮ್ ಲೆಕ್ಕ ಹಾಕಿ

ಮದುವೆ ಮೂರು ತಿಂಗಳಿಗೆ ಇದೆ ಅಷ್ಟರಲ್ಲಿ ಮಾಡಿಸ್ಬಿಡೋಣ ಅಂತ ಯೋಚಿಸೋರು ಬಹಳ. ಬೇಡ. ಪಟ್ಟಿ ಸುಮಾರು ಒಂದು ವಾರ, ಕಣ್ಣ ಕೆಳಗಿನ ಕಪ್ಪು ನೀಲಿ ಎರಡು ವಾರ, ಜಾಸ್ತಿ ಊತ ಒಂದೆರಡು ತಿಂಗಳು, ಆದ್ರೆ ತುದಿಯ ಊತ ಪೂರ್ತಿ ಇಳಿಯೋಕೆ ಒಂದು ವರ್ಷ, ದಪ್ಪ ಚರ್ಮಕ್ಕೆ ಇನ್ನೂ ಜಾಸ್ತಿ.

ನನ್ನ ತಂಗಿ ಪಟ್ಟಿ ಬಿಚ್ಚಿದ ದಿನ ನಾನೇ ಜೊತೇಲಿದ್ದೆ. ನರ್ಸ್ ಎಣ್ಣೆ ಹಚ್ಚಿ ಮೆಲ್ಲಗೆ ಟೇಪ್ ಬಿಡಿಸಿ ಕೈಗೆ ಕನ್ನಡಿ ಕೊಟ್ರು. ಮೂಗು ಮೊದಲಿಗಿಂತ ದೊಡ್ಡದಾಗಿ, ತುದಿ ಮೇಲಕ್ಕೆದ್ದು, ಎಣ್ಣೆಣ್ಣೆಯಾಗಿ ಹೊಳೀತಿತ್ತು. ಡಾಕ್ಟರ್ ಮುಂಚೇನೇ ಹೇಳಿದ್ರೂ ಅವಳು ಆಟೋದಲ್ಲಿ ಜಯನಗರದಿಂದ ಮನೆವರೆಗೂ ದುಪಟ್ಟಾ ಮುಚ್ಕೊಂಡು ಅತ್ಲು, "ಅಕ್ಕ, ಏನ್ ಮಾಡ್ಕೊಂಡ್ಬಿಟ್ಟೆ ನಾನು" ಅಂತ. ಆರನೇ ವಾರಕ್ಕೆ ಸಮಾಧಾನ ಆಯ್ತು, ಎಂಟನೇ ತಿಂಗಳಿಗೆ ತನ್ನ ಮುಖ ವಾಪಸ್ ಬಂತು ಅಂದ್ಲು. ಆ ಮಧ್ಯದ ದಿನಗಳಿಗೆ ಜೊತೆಗೊಬ್ರು ಬೇಕು, ಅದನ್ನ ಮೊದಲೇ ವ್ಯವಸ್ಥೆ ಮಾಡ್ಕೊಳ್ಳಿ.

ದಿನಾ ಓಡಾಡೋದ್ರ ಬಗ್ಗೆ ಯಾರೂ ಹೇಳ್ದೇ ಇರೋದು ಕೆಲವು. ಕನ್ನಡಕ ಒಂದೂವರೆ ತಿಂಗಳು ಮೂಗಿನ ಮೇಲೆ ಕೂರಿಸೋಹಾಗಿಲ್ಲ, ಟೇಪ್ ಹಾಕಿ ಅದನ್ನ ಹಣೆಗೆ ಅಂಟಿಸ್ಬೇಕು ಇಲ್ಲಾ ಲೆನ್ಸ್ ಹಾಕ್ಬೇಕು. ಫುಲ್ ಹೆಲ್ಮೆಟ್ ಹಾಕುವಾಗ ತೆಗೆಯುವಾಗ ಮೂಗಿಗೇ ಉಜ್ಜುತ್ತೆ, ಸ್ಕೂಟಿಲಿ ಆಫೀಸಿಗೆ ಹೋಗೋರು ಅಷ್ಟು ದಿನ ಬಸ್ಸೋ ಮೆಟ್ರೋನೋ ನೋಡ್ಕೊಳ್ಳಿ, ಹೆಲ್ಮೆಟ್ ಇಲ್ದೇ ಗಾಡಿ ಮಾತ್ರ ಓಡಿಸ್ಬೇಡಿ. ಮೂಗುಬೊಟ್ಟು ಮುಂಚೇನೇ ತೆಗೀಬೇಕು, ತೂತು ಮುಚ್ಕೊಳ್ಳಬಹುದು, ಮತ್ತೆ ಯಾವಾಗ ಹಾಕ್ಬಹುದು ಅಂತ ಡಾಕ್ಟರನ್ನೇ ಕೇಳಿ. ಎರಡು ವಾರ ಮೂಗು ಸೀಟೋಹಾಗಿಲ್ಲ, ಸೀನು ಬಂದ್ರೆ ಬಾಯಿ ತೆಗೆದು ಸೀನ್ಬೇಕು, ತಲೆ ಎತ್ತರಕ್ಕಿಟ್ಟು ಮಲಗ್ಬೇಕು. ಸಿಗರೇಟ್ ಸೇದೋರು ಕಡೇಪಕ್ಷ ನಾಲ್ಕು ವಾರ ಮುಂಚೆ ನಿಲ್ಸಬೇಕು. ಆಸ್ಪಿರಿನ್, ಬ್ರೂಫೆನ್, ಮೀನೆಣ್ಣೆ ಮಾತ್ರೆ, ಆಯುರ್ವೇದದ ಚೂರ್ಣ, ತಗೊಳ್ತಿರೋದನ್ನೆಲ್ಲ ಡಾಕ್ಟರ್‌ಗೆ ಹೇಳಿ, ಹಾರ್ಟ್ ಮಾತ್ರೆ ಇದ್ರೆ ನೀವಾಗೇ ನಿಲ್ಲಿಸೋದು ಮಾತ್ರ ಬೇಡ.

ಮನೆಗೆ ಬಂದ್ಮೇಲೆ ರಕ್ತ ನಿಲ್ಲದೇ ಸೋರಿದ್ರೆ, ಜ್ವರ ಬಂದ್ರೆ, ಮೂಗೊಳಗೆ ನೋವು ಜಾಸ್ತಿಯಾಗ್ತಾ ಎರಡೂ ಕಡೆ ಗಟ್ಟಿಯಾಗಿ ಕಟ್ಕೊಂಡ್ರೆ, ನೀರಿನ ಥರ ತೆಳ್ಳಗೆ ಒಂದೇ ಸಮ ಸೋರ್ತಾ ಇದ್ರೆ, ಕಣ್ಣು ಮಂಜಾದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆ ರಾತ್ರೀನೇ ಹೋಗಿ.

9. ಕೊನೇ ನಿರ್ಧಾರ

ಇಬ್ಬರು ಡಾಕ್ಟರ್‌ಗೆ ತೋರಿಸಿ ಆದ್ಮೇಲೆ ಮೂರು ತಿಂಗಳು ಏನೂ ಮಾಡ್ಬೇಡಿ, ಮೂಗಿನ ಆಪರೇಷನ್ ತೋರಿಸೋ ರೀಲ್ಸ್ ಅಕೌಂಟ್‌ಗಳನ್ನೂ ಮ್ಯೂಟ್ ಮಾಡಿ. ಮೂರು ತಿಂಗಳಾದ್ಮೇಲೆ ಮೊದಲನೇ ದಿನ ಬರೆದ ಹಾಳೆ ತೆಗೆದು ಓದಿ. ಅದೇ ಒಂದು ವಾಕ್ಯ ಇನ್ನೂ ನಿಮ್ಮದೇ ಅನ್ಸಿದ್ರೆ, ಅದು ಸರಿಹೋದ್ರೆ ಸಾಕು ಬೇರೇನೂ ಬದಲಾಗ್ದೇ ಇದ್ರೂ ಪರವಾಗಿಲ್ಲ, ಮದುವೆ ಕೆಲಸ ಎಲ್ಲ ಹೆಂಗಿದೆಯೋ ಹಂಗೇ ಇರ್ಲಿ ಅಂತ ಅನ್ಸಿದ್ರೆ ಡೇಟ್ ಫಿಕ್ಸ್ ಮಾಡಿ. ನನ್ನ ತಂಗಿ ಹಂಗೇ ಮಾಡಿದ್ಲು.

ಬೇಡ ಅನ್ಸಿದ್ರೆ ಕ್ಲಿನಿಕ್ಕಿಗೆ ಫೋನಲ್ಲಿ ಹೇಳ್ಬೇಡಿ, ಅವರು ಮತ್ತೆ ಆಫರ್ ಶುರು ಮಾಡ್ತಾರೆ. ಮಾಡಿಸ್ತಿಲ್ಲ, ನನ್ನ ಫೋಟೋಗಳನ್ನ ಎಲ್ಲೂ ಬಳಸ್ಬೇಡಿ, ಡಿಲೀಟ್ ಮಾಡಿ ಅಂತ ವಾಟ್ಸಾಪಲ್ಲೋ ಇಮೇಲಲ್ಲೋ ಬರೆದು ಕಳಿಸಿ. ಸಿಟಿ ಸ್ಕ್ಯಾನ್, ರಕ್ತದ ರಿಪೋರ್ಟ್ ನಿಮ್ಮ ದುಡ್ಡಲ್ಲಿ ಆಗಿರೋದು, ಕಾಪಿ ಕೇಳಿ ತಗೊಂಡು ಬನ್ನಿ, ನನ್ನ ಡಿಎನ್‌ಎಸ್ ಆಪರೇಷನ್ನಿಗೆ ಅದೇ ಸ್ಕ್ಯಾನ್ ಉಪಯೋಗಕ್ಕೆ ಬಂತು.